ಶುಶ್ರೂಷಕಿಯ ಶುಶ್ರೂಷೆ

ರೋಗಿಯ ಬಳಿಯಲ್ಲಿದ್ದು ಉಪಚಾರ ಮಾಡುವ ಕೆಲಸಕ್ಕೆ ನಾವು 'ಶುಶ್ರೂಷೆ' ಎಂಬ ಹೆಸರನ್ನು ಕೊಟ್ಟಿದ್ದೇವೆ. ದಿನವೂ ಬಳಸಿ ಸವೆದುಹೋದ ಈ ಮಾತಿನ ಮೂಲಾರ್ಥವನ್ನು ನೆನೆಯುವವರು ವಿರಳ. 'ಶ್ರು' ಎಂಬ ಧಾತುವಿಗೆ ಕೇಳುವುದೆಂದರ್ಥ. ಅದಕ್ಕೆ ಇಚ್ಛೆಯನ್ನು ಸೂಚಿಸುವ ಸನ್ ಪ್ರತ್ಯಯವು ಸೇರಿ 'ಶುಶ್ರೂಷಾ' ಎಂಬ ರೂಪವಾಯಿತು. ಎಂದರೆ, ಕೇಳಬೇಕೆಂಬ ಇಚ್ಛೆ. ಗುರುವಿನ ಮಾತನ್ನು ಕೇಳಬಯಸುವ ಶಿಷ್ಯನು ಅವನ ಸೇವೆಯಲ್ಲಿ ನಿಲ್ಲುತ್ತಿದ್ದುದರಿಂದ ಆ ಶಬ್ದಕ್ಕೆ ಸೇವೆಯೆಂಬ ಅರ್ಥವೂ, ಅದರಿಂದ ಮುಂದೆ ರೋಗಿಯ ಸೇವೆಯೆಂಬ ಅರ್ಥವೂ ಒದಗಿದವು. ಹೀಗಿರಲು, ಕೇಳುವ ಮನಸ್ಸಿಲ್ಲದ ಸೇವೆಗೆ ಶುಶ್ರೂಷೆಯೆಂಬ ಹೆಸರು ಸಲ್ಲತಕ್ಕದ್ದಲ್ಲ.

ಈಗಿನ ಆಸ್ಪತ್ರೆಗಳಲ್ಲಿ ರೋಗಿಯ ಮಾತನ್ನು ಹಗಲಿರುಳು ಕೇಳತಕ್ಕವರು ದಾದಿಯರು. (ಈ ವೃತ್ತಿಯಲ್ಲಿ ಪುರುಷರೂ ಇರುವರು, ಬಹುಸಂಖ್ಯೆಯವರು ಸ್ತ್ರೀಯರಾದುದರಿಂದ ಇಲ್ಲಿ ಸ್ತ್ರೀಲಿಂಗದಿಂದಲೇ ವ್ಯವಹರಿಸಿದೆ.) ವೈದ್ಯನು ಬಂದು ರೋಗಿಯನ್ನು ಪರೀಕ್ಷಿಸಿ, ಔಷಧವನ್ನು ಬರೆದು, ಮುಂದಿನ ಮಂಚಕ್ಕೆ ಹೋಗುವನು. ಅವನ ಮುಂದೆ ಆಡಲಾರದೆ ನುಂಗಿಕೊಂಡ ಭಯವನ್ನು ರೋಗಿಯು ನಡುರಾತ್ರಿಯಲ್ಲಿ ದಾದಿಯ ಮುಂದೆ ಆಡುವನು. ಪ್ರಾಣ ಹೋಗುವ ಹೊತ್ತಿನಲ್ಲಿ ಕೈಹಿಡಿದು ನಿಂತವಳು ಅವಳು. ಹೊರಗೆ ಕಾದಿದ್ದ ಮಕ್ಕಳ ಗೋಳನ್ನು ಮೊದಲು ಕೇಳಿದವಳೂ ಅವಳು. ಸ್ವಲ್ಪ ಹೊತ್ತಿನಲ್ಲಿಯೇ ಅದೇ ಮಂಚಕ್ಕೆ ಬೇರೆ ಹಾಸಿಗೆಯನ್ನು ಹಾಸಿ ಇನ್ನೊಬ್ಬ ರೋಗಿಯನ್ನು ಸಮಾಧಾನದ ಮುಖದಿಂದ ಬರಮಾಡಿಕೊಳ್ಳಬೇಕಾದವಳೂ ಅವಳೇ. ಎಲ್ಲರ ಮಾತನ್ನೂ ಕೇಳುವ ಇವಳ ಮಾತನ್ನು ಕೇಳುವವರಾರು?

ಈ ಪ್ರಶ್ನೆಗೆ ಉತ್ತರವೆಂಬಂತೆ ಕೆಲವು ದೇಶಗಳ ಆಸ್ಪತ್ರೆಗಳಲ್ಲಿ ಒಂದು ಹೊಸ ಪದ್ಧತಿಯು ತಲೆದೋರಿದೆ. ದಾದಿಯರ ಮನಸ್ಸಿನ ಬಳಲಿಕೆಯನ್ನು ಕಳೆಯುವುದಕ್ಕಾಗಿ ಚಿತ್ರ, ಸಂಗೀತ, ನೃತ್ಯ, ಬರವಣಿಗೆ ಮುಂತಾದ ಕಲೆಗಳನ್ನು ಚಿಕಿತ್ಸೆಯ ರೂಪದಲ್ಲಿ ಅವರಿಗೆ ಒದಗಿಸುವುದೇ ಆ ಪದ್ಧತಿ. ಇದು ಉಚಿತವಾದುದೇ? ಉಚಿತವಾದರೆ ಯಾವ ಮೇರೆಯೊಳಗೆ ಉಚಿತ? ಇದು ವೈದ್ಯಶಾಸ್ತ್ರಕ್ಕೆ ಮಾತ್ರ ಸೇರಿದ ಪ್ರಶ್ನೆಯಲ್ಲ, ಧರ್ಮಕ್ಕೂ ಸೇರಿದುದು. ಆದಕಾರಣ ವೈದ್ಯನಲ್ಲದವನೂ ಇದನ್ನು ವಿಚಾರಿಸಲು ಅಧಿಕಾರವುಳ್ಳವನೆಂದು ಭಾವಿಸಿ ಈ ಕೆಲವು ಮಾತುಗಳನ್ನು ಬರೆಯುತ್ತಿದ್ದೇನೆ.

ಮೊದಲು ನಮ್ಮ ಪ್ರಾಚೀನರು ಏನು ಹೇಳಿರುವರೆಂಬುದನ್ನು ನೋಡೋಣ. ಚರಕಸಂಹಿತೆಯು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧದ್ರವ್ಯ, ಪರಿಚಾರಕ, ರೋಗಿ. ಪರಿಚಾರಕನಿಗೆ ಉಪಚಾರದ ಅರಿವು, ಕೈಯ ಚುರುಕು, ರೋಗಿಯಲ್ಲಿ ಅನುರಾಗ, ಶುಚಿತ್ವ ಎಂಬ ನಾಲ್ಕು ಗುಣಗಳಿರಬೇಕೆಂದು ವಿಧಿಸುತ್ತದೆ. ಈ ನಾಲ್ಕರಲ್ಲಿ ಮೂರನ್ನು ಶಿಕ್ಷಣದಿಂದ ಸಂಪಾದಿಸಬಹುದು. ಅನುರಾಗವೊಂದು ಮಾತ್ರ ಹಾಗಲ್ಲ. ಅದು ಖರ್ಚಾಗುವ ವಸ್ತು, ಮತ್ತೆ ತುಂಬಿಕೊಳ್ಳದಿದ್ದರೆ ಬತ್ತುವ ವಸ್ತು. ಅದೇ ಗ್ರಂಥದ ಸೂತ್ರಸ್ಥಾನದ ಹದಿನೈದನೆಯ ಅಧ್ಯಾಯದಲ್ಲಿ, ಚಿಕಿತ್ಸೆಗಾಗಿ ಕಟ್ಟಿಸಿದ ಮನೆಯಲ್ಲಿ ಯಾರು ಯಾರು ಇರಬೇಕೆಂದು ಹೇಳುವಾಗ, ಅಡುಗೆಯವರು ಮೈ ತೊಳೆಯುವವರು ಮೊದಲಾದವರೊಡನೆ ಹಾಡು, ವಾದ್ಯ, ಕಥೆ, ಪುರಾಣಗಳಲ್ಲಿ ಕುಶಲರಾದವರನ್ನೂ ಹೇಳಿದೆ. ಕಲೆಯು ರೋಗಶಯ್ಯೆಯ ಬಳಿ ಇರತಕ್ಕದ್ದೆಂಬುದು ನಮಗೆ ಹೊರಗಿನಿಂದ ಬಂದ ಮಾತಲ್ಲ. ಆದರೆ ಆ ಹಾಡೂ ಕಥೆಯೂ ರೋಗಿಗಾಗಿ. ಪರಿಚಾರಕನಿಗೆ ಗುಣಗಳನ್ನು ವಿಧಿಸಿದ ಆ ಪ್ರಕರಣಗಳಲ್ಲಿ ಅವನ ವಿಶ್ರಾಂತಿಯನ್ನು ಕುರಿತ ವಿಧಿಯಿಲ್ಲ.

ಈ ಕೊರತೆಯ ಫಲವು ಈಗ ಲೋಕವಿದಿತವಾಗಿದೆ. ಪರರ ಸೇವೆಯಲ್ಲಿ ನಿರತರಾದವರಿಗೆ ಬರುವ ಒಂದು ವಿಶೇಷವಾದ ಬಳಲಿಕೆಯನ್ನು ಅಮೆರಿಕದ ಮನಶ್ಶಾಸ್ತ್ರಜ್ಞನಾದ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರನು ೧೯೭೪ರಲ್ಲಿ 'ಬರ್ನ್‌ಔಟ್' ಎಂಬ ಹೆಸರಿನಿಂದ ವರ್ಣಿಸಿದನು. ಎಣ್ಣೆ ತೀರಿದ ಮೇಲೆ ದೀಪದಲ್ಲಿ ಬತ್ತಿಯೇ ಉರಿದುಹೋಗುವುದನ್ನು ನೋಡಿದವರಿಗೆ ಆ ಹೆಸರಿನ ಭಾವವು ಕೂಡಲೇ ತಿಳಿಯುವುದು. ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ಇದಕ್ಕೆ ಮೂರು ಲಕ್ಷಣಗಳನ್ನು ಹೇಳಿತು: ಶಕ್ತಿಯೆಲ್ಲ ಸೋರಿಹೋದ ಭಾವ, ಕೆಲಸದ ವಿಷಯದಲ್ಲಿ ಮನಸ್ಸು ದೂರವಾಗಿ ಕಹಿಯಾಗುವುದು, ತನ್ನಿಂದ ಏನೂ ಆಗದೆಂಬ ನಂಬಿಕೆ. ಇದನ್ನು ಆ ಸಂಸ್ಥೆಯು ರೋಗಗಳ ಸಾಲಿನಲ್ಲಿ ಸೇರಿಸಲಿಲ್ಲ, ಉದ್ಯೋಗದಿಂದ ಹುಟ್ಟುವ ಒಂದು ಅವಸ್ಥೆಯೆಂದು ಹೇಳಿತು. ಈ ಭೇದವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ವಿಚಾರಕ್ಕೆಲ್ಲ ಇದೇ ಕೀಲಿಕೈ.

ಇನ್ನು ಕಲಾಚಿಕಿತ್ಸೆಯ ವಿಷಯ. ಇಂಗ್ಲೆಂಡಿನ ಚಿತ್ರಕಾರನಾದ ಏಡ್ರಿಯನ್ ಹಿಲ್ ಎಂಬಾತನು ಕ್ಷಯರೋಗದಿಂದ ಆರೋಗ್ಯಧಾಮವೊಂದರಲ್ಲಿ ಮಲಗಿದ್ದಾಗ ಚಿತ್ರ ಬರೆಯುತ್ತ ತನ್ನ ಮನಸ್ಸನ್ನು ಕಾಪಾಡಿಕೊಂಡನು. ಬಳಿಕ ಇತರ ರೋಗಿಗಳಿಗೂ ಅದನ್ನು ಕಲಿಸಿದನು. ಕಲಾಚಿಕಿತ್ಸೆಯೆಂಬ ಅರ್ಥದ ಇಂಗ್ಲಿಷ್ ಹೆಸರನ್ನು ೧೯೪೨ರಲ್ಲಿ ಬಳಕೆಗೆ ತಂದವನು ಅವನೇ. ಇಲ್ಲಿ ಚಿತ್ರವು ಅಂದವಾಗಿದೆಯೇ ಇಲ್ಲವೇ ಎಂಬ ಪರೀಕ್ಷೆಯಿಲ್ಲ. ಇದಕ್ಕಾಗಿ ಶಿಕ್ಷಣ ಪಡೆದ ಚಿಕಿತ್ಸಕರೊಬ್ಬರು ಬಣ್ಣ, ಕಾಗದ, ಜೇಡಿಮಣ್ಣು ಮೊದಲಾದುವನ್ನು ಮುಂದಿಡುವರು. ಬಂದವರು ತಮ್ಮೊಳಗಿರುವುದನ್ನು ಕೈಯಿಂದ ಮಾಡಿ ತೋರುವರು. ಇಷ್ಟವಿದ್ದರೆ ಅದನ್ನು ಕುರಿತು ಮಾತಾಡುವರು, ಇತರರು ಕೇಳುವರು.

ರೋಗಿಗಳಿಗಾಗಿ ಹುಟ್ಟಿದ ಈ ಪದ್ಧತಿಯನ್ನು ರೋಗಿಗಳ ಸೇವಕರಿಗೆ ಅನ್ವಯಿಸಿ ನೋಡಿದ ಒಂದು ಪ್ರಯತ್ನವು ಹಾಂಕಾಂಗಿನಲ್ಲಿ ನಡೆದು ೨೦೧೪ರಲ್ಲಿ ಪ್ರಕಟವಾಯಿತು. ಮರಣಾಸನ್ನರ ಸೇವೆಯಲ್ಲಿದ್ದ ೧೩೨ ಮಂದಿ ಅದರಲ್ಲಿ ಪಾಲುಗೊಂಡಿದ್ದರು. ಒಂದು ಪಂಗಡಕ್ಕೆ ಆರು ವಾರಗಳ ಮೇಲೆ ಹರಡಿ ಒಟ್ಟು ೧೮ ಗಂಟೆಗಳ ಕಾಲ ಚಿತ್ರಕಲೆಯ ಮೂಲಕ ಮಾರ್ಗದರ್ಶನ. ಇನ್ನೊಂದಕ್ಕೆ ಮೂರು ದಿನಗಳಲ್ಲಿ ಅಷ್ಟೇ ಗಂಟೆಗಳ ಕಾಲ ವೃತ್ತಿಕೌಶಲದ ಬೋಧನೆ. ಕಲೆಯ ಪಂಗಡದವರಲ್ಲಿ ಬಳಲಿಕೆಯೂ ಮರಣಭೀತಿಯೂ ತಗ್ಗಿದುದು ಕಂಡುಬಂದಿತು. ಚೀಟಿಯೆತ್ತಿ ಪಂಗಡಗಳನ್ನು ಮಾಡಿರಲಿಲ್ಲವಾದುದರಿಂದ ಇದೊಂದರಿಂದಲೇ ಸಿದ್ಧಾಂತವನ್ನು ಸ್ಥಾಪಿಸಲಾಗದು. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದವರು ಹನ್ನೆರಡು ವಾರ, ವಾರಕ್ಕೆ ಒಂದೂವರೆ ಗಂಟೆಯಂತೆ, ವೈದ್ಯಕೀಯ ವೃತ್ತಿಯವರಿಗೆ ಚಿತ್ರ, ಸಂಗೀತ, ನೃತ್ಯ, ಬರವಣಿಗೆಗಳನ್ನು ಏರ್ಪಡಿಸಿ, ೨೦೨೨ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಪಂಗಡಗಳನ್ನು ಚೀಟಿಯೆತ್ತುವ ಕ್ರಮದಿಂದಲೇ ವಿಂಗಡಿಸಿದ್ದರು. ಅಲ್ಲಿಯೂ ಉದ್ವೇಗವೂ ಬಳಲಿಕೆಯೂ ಕಡಿಮೆಯಾದುವು. ಆದುದರಿಂದ ಕಲೆಯಿಂದ ದಾದಿಗೆ ಉಪಕಾರವಾಗಬಲ್ಲದೆಂಬುದನ್ನು ನಾವು ಒಪ್ಪಬಹುದು.

ಈ ಉಪಕಾರವು ಹೇಗಾಗುವುದು? ಇದಕ್ಕೆ ನಮ್ಮ ಆಲಂಕಾರಿಕರಲ್ಲಿ ಒಂದು ಸಮಾಧಾನವಿದೆ. ಬೇಡನ ಬಾಣದಿಂದ ಕ್ರೌಂಚಪಕ್ಷಿಯು ಬಿದ್ದುದನ್ನು ಕಂಡು ವಾಲ್ಮೀಕಿಯ ಶೋಕವು ಶ್ಲೋಕವಾಯಿತೆಂಬ ಕಥೆಯು ಸರ್ವರಿಗೂ ತಿಳಿದುದೇ. ಧ್ವನ್ಯಾಲೋಕಕ್ಕೆ ವ್ಯಾಖ್ಯಾನವನ್ನು ಬರೆದ ಅಭಿನವಗುಪ್ತನು ಇಲ್ಲಿ ಒಂದು ಸೂಕ್ಷ್ಮವನ್ನು ತೋರಿಸುತ್ತಾನೆ: ಶ್ಲೋಕವಾದುದು ಮುನಿಯ ಸ್ವಂತ ಶೋಕವೆಂದು ತಿಳಿಯಬಾರದು. ಸ್ವಂತ ಶೋಕದಲ್ಲಿ ಮುಳುಗಿದವನಿಗೆ ಶ್ಲೋಕವೆಲ್ಲಿಯದು? ದುಃಖವು 'ನನ್ನದು' ಎಂಬ ಕಟ್ಟನ್ನು ಕಳಚಿಕೊಂಡು, ನೋಡುವುದಕ್ಕೆ ಬರುವಂತೆ ಎದುರಿಗೆ ನಿಂತಾಗ, ಅದು ಕರುಣರಸವಾಗುವುದು. ದಾದಿಗೆ ವೃತ್ತಿಯು ಕಲಿಸಿರುವುದು ಇದಕ್ಕೆ ವಿರುದ್ಧವಾದುದನ್ನು: ಕಣ್ಣೀರನ್ನು ಒಳಗೇ ತಡೆ, ಕೈ ನಡುಗದಿರಲಿ, ಮುಂದಿನ ಮಂಚಕ್ಕೆ ನಡೆ. ಕೆಲಸದ ಹೊತ್ತಿನಲ್ಲಿ ಅದು ಬೇಕಾದುದೇ. ಆದರೆ ಒಳಗೆ ತಡೆದುದಕ್ಕೆ ಎಂದಾದರೂ ಹೊರದಾರಿಯಿರಬೇಕಲ್ಲವೇ? ಕಾಗದದ ಮೇಲೆ ಒಂದು ಖಾಲಿ ಮಂಚವನ್ನು ಬರೆದವಳು, ಅದುವರೆಗೆ ತಾನು ಹೊತ್ತಿದ್ದುದನ್ನು ಮೊದಲ ಸಲ ಎದುರಿಗಿಟ್ಟು ನೋಡುವಳು.

"ದಾದಿಯೇನು ವಾಲ್ಮೀಕಿಯೇ?" ಎಂದು ಕೇಳಬಹುದು. ಅಲ್ಲ, ಆಗಬೇಕಾದುದೂ ಇಲ್ಲ. ನಮ್ಮ ಮನೆಗಳ ಅಂಗಳದಲ್ಲಿ ಬೆಳಗ್ಗೆ ಹಾಕಿದ ರಂಗವಲ್ಲಿಯು ಸಂಜೆಯೊಳಗೆ ಕಾಲ್ತುಳಿತಕ್ಕೆ ಅಳಿಸಿಹೋಗುವುದು. ಹಾಕಿದವಳು ಚಿತ್ರಕಾರಳೆನಿಸಿಕೊಳ್ಳುವುದಿಲ್ಲ, ಆದರೂ ಹಾಕುವಷ್ಟು ಹೊತ್ತು ಅವಳ ಕೈಯೂ ಮನಸ್ಸೂ ಒಂದಾಗಿದ್ದುವು. ಇಲ್ಲಿ ಬೇಕಾದುದು ಅಷ್ಟೇ.

ಇಷ್ಟರವರೆಗೆ ಎಲ್ಲವೂ ಅನುಕೂಲವಾಗಿಯೇ ಕಾಣುವುದು. ಈಗ ಪೂರ್ವಪಕ್ಷವನ್ನು ಎತ್ತಬೇಕು, ಅದು ಬಲವಾದುದು. ದಾದಿಯು ಬಳಲಿರುವುದು ಬಣ್ಣಗಳ ಅಭಾವದಿಂದಲ್ಲ. ಹತ್ತು ಮಂದಿ ಮಾಡಬೇಕಾದ ಕೆಲಸವನ್ನು ಐದು ಮಂದಿ ಮಾಡುತ್ತಿರುವುದರಿಂದ ಅವಳು ಬಳಲಿರುವಳು. ಅಮೆರಿಕದ ಪೆನ್ಸಿಲ್ವೇನಿಯಾ ಸಂಸ್ಥಾನದ ೧೬೮ ಆಸ್ಪತ್ರೆಗಳನ್ನು ಕುರಿತು ಲಿಂಡಾ ಏಕನ್ ಎಂಬ ವಿದುಷಿಯೂ ಆಕೆಯ ಸಹಕಾರಿಗಳೂ ೨೦೦೨ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಬ್ಬೊಬ್ಬ ದಾದಿಯ ಪಾಲಿಗೆ ಒಬ್ಬ ರೋಗಿಯು ಹೆಚ್ಚಾದಂತೆಲ್ಲ, ಶಸ್ತ್ರಚಿಕಿತ್ಸೆಯಾದ ರೋಗಿಗಳು ಮೂವತ್ತು ದಿನಗಳೊಳಗೆ ಮರಣಹೊಂದುವ ಸಂಭವವು ನೂರಕ್ಕೆ ೭ರಂತೆಯೂ, ದಾದಿಗೆ ಮೇಲೆ ಹೇಳಿದ ಬಳಲಿಕೆಯು ಬರುವ ಸಂಭವವು ನೂರಕ್ಕೆ ೨೩ರಂತೆಯೂ ಏರುವುದೆಂದು ಕಂಡಿತು. ದಾದಿಯ ದಣಿವು ಅವಳೊಬ್ಬಳ ಮನೋವ್ಯಥೆಯಲ್ಲ, ರೋಗಿಯ ಪ್ರಾಣಕ್ಕೆ ಸಂಬಂಧಿಸಿದುದು ಎಂಬುದೂ, ಅದರ ಮೂಲವು ಅವಳ ಮನಸ್ಸಿನಲ್ಲಲ್ಲ, ಹಾಜರಿಪಟ್ಟಿಯಲ್ಲಿದೆ ಎಂಬುದೂ ಇದರಿಂದ ವ್ಯಕ್ತವಾಗುವುದು. ನಮ್ಮ ದೇಶದಲ್ಲಿ ಸುಪ್ರೀಂ ಕೋರ್ಟಿನ ಆದೇಶದ ಮೇರೆಗೆ ೨೦೧೬ರಲ್ಲಿ ನೇಮಕವಾದ ಸಮಿತಿಯು, ೨೦೦ಕ್ಕಿಂತ ಹೆಚ್ಚು ಮಂಚಗಳುಳ್ಳ ಖಾಸಗಿ ಆಸ್ಪತ್ರೆಗಳ ದಾದಿಯರಿಗೆ ಸರಕಾರಿ ದಾದಿಯರಷ್ಟೇ ಸಂಬಳವಿರಬೇಕೆಂದೂ, ೫೦ಕ್ಕಿಂತ ಕಡಿಮೆ ಮಂಚಗಳ ಆಸ್ಪತ್ರೆಗಳಲ್ಲಿಯೂ ಅದು ತಿಂಗಳಿಗೆ ೨೦,೦೦೦ ರೂಪಾಯಿಗಳಿಗೆ ಕಡಿಮೆಯಾಗಬಾರದೆಂದೂ ಸಲಹೆ ಮಾಡಿತು. ಇಂಥ ಸಲಹೆಯನ್ನು ಮಾಡಬೇಕಾಗಿ ಬಂದಿತೆಂಬುದೇ ಅದಕ್ಕೆ ಮುಂಚಿನ ಸ್ಥಿತಿಯನ್ನು ಸಾರಿ ಹೇಳುತ್ತದೆ.

ಹೀಗಿರುವಾಗ, ಕೈಗಳನ್ನು ಹೆಚ್ಚಿಸದೆ ಕುಂಚವನ್ನು ಕೊಡುವುದು ಸಾಲವನ್ನು ತೀರಿಸದೆ ಸಾಲಕೊಟ್ಟವನಿಗೆ ಪಾನಕವನ್ನು ಕೊಟ್ಟು ಕಳುಹಿಸಿದಂತಲ್ಲವೇ? ಅಷ್ಟೇ ಅಲ್ಲ, ಇದರಲ್ಲಿ ಇನ್ನೂ ಗೂಢವಾದ ಒಂದು ದೋಷವಿದೆ. ಚಿಕಿತ್ಸೆಯನ್ನು ಕೊಡುವುದೆಂದರೆ ಕೊಡಿಸಿಕೊಳ್ಳುವವನಲ್ಲಿ ವಿಕಾರವಿದೆಯೆಂದು ಹೇಳಿದಂತೆಯೇ. ಆಸ್ಪತ್ರೆಯ ವ್ಯವಸ್ಥೆಯಲ್ಲಿರುವ ವಿಕಾರವನ್ನು ದಾದಿಯ ಚಿತ್ತಕ್ಕೆ ಅಂಟಿಸಿ, "ನಿನ್ನ ಮನಸ್ಸನ್ನು ಸರಿಪಡಿಸಿಕೋ" ಎಂದರೆ, ಅನ್ಯಾಯದ ಮೇಲೆ ಅಪವಾದವನ್ನೂ ಹೊರಿಸಿದಂತಾಯಿತು.

ಹೊಗಳಿಕೆಯೂ ಇಂಥ ಪಾನಕವಾಗಬಹುದು. ೨೦೨೦ನೆಯ ವರ್ಷವನ್ನು ವಿಶ್ವ ಆರೋಗ್ಯ ಸಂಸ್ಥೆಯು ದಾದಿಯರ ಮತ್ತು ಸೂಲಗಿತ್ತಿಯರ ವರ್ಷವೆಂದು ಮೊದಲೇ ಘೋಷಿಸಿತ್ತು. ಅದೇ ವರ್ಷ ಕೋವಿಡ್ ಮಹಾಮಾರಿಯು ಜಗತ್ತನ್ನೆಲ್ಲ ವ್ಯಾಪಿಸಿತು. ಮಾರ್ಚ್ ೨೨ರ ಸಂಜೆ ನಮ್ಮ ದೇಶದ ಜನರು ಬಾಗಿಲುಗಳಲ್ಲಿ ನಿಂತು ಚಪ್ಪಾಳೆ ತಟ್ಟಿದರು, ತಟ್ಟೆ ಬಡಿದರು. ಮೇ ತಿಂಗಳಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ನಗರದ ಆಸ್ಪತ್ರೆಯೊಂದರಲ್ಲಿ ಬ್ಯಾಂಕ್ಸಿ ಎಂಬ ಗುಪ್ತನಾಮದ ಚಿತ್ರಕಾರನ ಚಿತ್ರವೊಂದು ಕಾಣಿಸಿಕೊಂಡಿತು: ಬಾಲಕನೊಬ್ಬನು ಸಾಹಸಪುರುಷರ ಬೊಂಬೆಗಳನ್ನು ಬುಟ್ಟಿಗೆ ಹಾಕಿ, ಬೆನ್ನಿಗೆ ಮೇಲುಹೊದಿಕೆಯಿರುವ ದಾದಿಯ ಬೊಂಬೆಯನ್ನು ಹಿಡಿದು ಹಾರಿಸುತ್ತಿರುವನು. ಆ ಚಿತ್ರವು ೨೦೨೧ರ ಮಾರ್ಚಿಯಲ್ಲಿ ೧ ಕೋಟಿ ೬೭ ಲಕ್ಷಕ್ಕೂ ಮಿಕ್ಕ ಪೌಂಡುಗಳಿಗೆ ಹರಾಜಾಗಿ, ಹಣವು ಅಲ್ಲಿನ ಆರೋಗ್ಯ ಸೇವೆಯ ದಾನನಿಧಿಗಳಿಗೆ ವಿನಿಯೋಗವಾಯಿತು. ಇವೆಲ್ಲ ಸದ್ಭಾವದಿಂದಲೇ ಆದುವು. ಆದರೂ ಆ ಬೊಂಬೆಯನ್ನು ಇನ್ನೊಮ್ಮೆ ನೋಡಬೇಕು. ಹಾರಬಲ್ಲವಳಿಗೆ ನಿದ್ರೆಯೇಕೆ? ದೇವತೆಗೆ ಸಂಬಳವೇಕೆ? ಮನುಷ್ಯಳನ್ನು ದೇವತೆಯನ್ನಾಗಿ ಮಾಡಿದರೆ, ಮನುಷ್ಯಳಿಗೆ ಸಲ್ಲತಕ್ಕುದನ್ನು ಕೊಡದಿರುವುದು ಸುಲಭವಾಗುವುದು.

ಈ ಪೂರ್ವಪಕ್ಷದಿಂದ ಕೆಲವರು, "ಮೊದಲು ಕೈಗಳೂ ಸಂಬಳವೂ ಬರಲಿ, ಕಲೆಯ ಮಾತನ್ನು ಆಮೇಲೆ ನೋಡೋಣ" ಎಂಬ ನಿರ್ಣಯಕ್ಕೆ ಬರುವರು. ಈ ನಿರ್ಣಯವನ್ನು ಪೂರ್ತಿಯಾಗಿ ಒಪ್ಪಲು ನನಗೆ ಮನಸ್ಸು ಬಾರದು. ಏತಕ್ಕೆಂದರೆ, ಶ್ರಮ ಬೇರೆ, ಶೋಕ ಬೇರೆ. ಭರತಮುನಿಯು ನಾಟ್ಯದಿಂದ ಯಾರಿಗೆ ವಿಶ್ರಾಂತಿಯೆಂದು ಹೇಳುವಾಗ, ದುಃಖಪಟ್ಟವರನ್ನೂ, ದುಡಿದು ದಣಿದವರನ್ನೂ, ಶೋಕದಲ್ಲಿರುವವರನ್ನೂ, ತಪಸ್ಸಿನಿಂದ ದೇಹವನ್ನು ದಂಡಿಸಿದವರನ್ನೂ ಬೇರೆಬೇರೆಯಾಗಿ ಎಣಿಸಿರುವನು. ವಿಚಾರಿಸಿ ನೋಡಿದರೆ ದಾದಿಯು ಈ ನಾಲ್ಕು ಬಗೆಯಲ್ಲಿಯೂ ಸೇರುವಳು. ಶ್ರಮವನ್ನು ಕೈಗಳೂ ರಜೆಯೂ ಕಳೆಯುವುವು. ಆದರೆ ಸಂಬಳವು ಇಮ್ಮಡಿಯಾದರೂ, ರೋಗಿಗಳ ಸಂಖ್ಯೆಯು ಅರ್ಧವಾದರೂ, ಅವಳ ಕೈಯಲ್ಲಿ ಮಗುವೊಂದು ಕಣ್ಮುಚ್ಚಿದುದು ಹಾಗೆಯೇ ಉಳಿಯುವುದು. ಅತ್ಯಂತ ನ್ಯಾಯವಾದ ಆಸ್ಪತ್ರೆಯಲ್ಲಿಯೂ ಸಾವು ಇರುತ್ತದೆ. ಅದನ್ನು ಹತ್ತಿರದಿಂದ ನೋಡುವವಳೂ ಇರುತ್ತಾಳೆ. ಆ ಶೋಕಕ್ಕೆ ಹಾಜರಿಪಟ್ಟಿಯಲ್ಲಿ ಔಷಧವಿಲ್ಲ. ಆದುದರಿಂದ ಕೈಗಳು ಕೂಡುವ ವರೆಗೂ ಶೋಕವು ಕಾದಿರಲಿ ಎನ್ನುವುದು ನಿರ್ದಯವಾದ ಮಾತು. ಭರತನು ಆ ವಿಶ್ರಾಂತಿಯು ಸಕಾಲದಲ್ಲಿ ಒದಗುವುದೆಂದು ಹೇಳಿರುವುದನ್ನೂ ಗಮನಿಸಬೇಕು. ದಾದಿಗೆ ಎಲ್ಲಕ್ಕಿಂತ ದುರ್ಲಭವಾದ ವಸ್ತುವು ಈ ಕಾಲವೇ.

ಹಾಗಾದರೆ ಯಾವ ಕಲೆಯು ಸಾಂತ್ವನ, ಯಾವುದು ವಂಚನೆ ಎಂಬುದನ್ನು ಹೇಗೆ ಬೇರ್ಪಡಿಸುವುದು? ನಮ್ಮ ಹಳ್ಳಿಗಳ ಬೀಸುವ ಪದಗಳು ಇದಕ್ಕೆ ದಾರಿ ತೋರಿಸಬಲ್ಲವು. ಹಲಸಂಗಿಯ ಗೆಳೆಯರು ಸಂಗ್ರಹಿಸಿದ 'ಗರತಿಯ ಹಾಡು' ಪ್ರಕಟವಾದ ಮೇಲೆ ಆ ಪದಗಳ ಸೊಬಗು ಓದಿದವರಿಗೂ ತಿಳಿಯಿತು. ನಸುಕಿನಲ್ಲೆದ್ದು ಬೀಸುಕಲ್ಲಿನ ಗೂಟವನ್ನು ಹಿಡಿದ ಹೆಂಗಸು ಹಾಡುತ್ತ ಬೀಸಿದಳು, ಕಲ್ಲು ಹಗುರಾಯಿತು. ಆದರೆ ಆ ಹಾಡಿನಲ್ಲಿ ಅವಳು ತವರನ್ನು ನೆನೆದಳು, ಗಂಡನ ಮನೆಯ ಕಷ್ಟವನ್ನೂ ಹೇಳಿಕೊಂಡಳು; ಹಾಡು ಹೀಗಿರಲೆಂದು ಯಾರೂ ಅಪ್ಪಣೆ ಮಾಡಲಿಲ್ಲ, ಹಾಡಿದುದಕ್ಕಾಗಿ ಜೋಳವನ್ನು ಹೆಚ್ಚಾಗಿ ಅಳೆದು ಹಾಕಲಿಲ್ಲ. ಮುಂದೆ ಊರಿಗೆ ಹಿಟ್ಟಿನ ಗಿರಣಿಯು ಬಂದಾಗ, "ಹಾಡಿದೆಯಲ್ಲ, ಗಿರಣಿಯೇಕೆ?" ಎಂದು ಕೇಳುವುದು ಎಷ್ಟು ಅಸಂಬದ್ಧವಾಗುತ್ತಿತ್ತು! ಹಾಡು ಒಳ್ಳೆಯದು, ಗಿರಣಿಯೂ ಒಳ್ಳೆಯದು; ಒಂದನ್ನು ತೋರಿಸಿ ಇನ್ನೊಂದನ್ನು ತಡೆಯುವುದು ಕೆಟ್ಟುದು.

ಈ ದೃಷ್ಟಾಂತದಿಂದ ಮೂರು ನಿಯಮಗಳು ಹೊರಡುವುವು. ಮೊದಲನೆಯದು, ಕಲೆಯ ಹೊತ್ತನ್ನು ದಾದಿಯ ಕೆಲಸದ ಹೊತ್ತಿನಿಂದ ಕೊಡಬೇಕು. ಅವಳ ನಿದ್ರೆಯಿಂದಲೂ ಅವಳ ಮಕ್ಕಳ ಪಾಲಿನ ಸಂಜೆಯಿಂದಲೂ ಕಿತ್ತುಕೊಳ್ಳಬಾರದು. ಅವಳು ಚಿತ್ರ ಬರೆಯುತ್ತಿರುವಾಗ ಅವಳ ಮಂಚಗಳನ್ನು ನೋಡಿಕೊಳ್ಳುವುದಕ್ಕೆ ಇನ್ನೊಬ್ಬಳಿರಬೇಕು. ಇದೊಂದು ನಿಯಮವನ್ನು ನಿಷ್ಠೆಯಿಂದ ಪಾಲಿಸಿದರೆ, ಕೈಗಳ ಕೊರತೆಯು ತಾನಾಗಿಯೇ ಬಯಲಿಗೆ ಬರುವುದು. ಎರಡನೆಯದು, ಅವಳು ಬಾರದಿರಲು ಸ್ವತಂತ್ರಳಾಗಿರಬೇಕು. ಬಂದರೆ ಕೋಪವನ್ನೂ ಬರೆಯಲು ಸ್ವತಂತ್ರಳಾಗಿರಬೇಕು. ಹೂವನ್ನೂ ಸೂರ್ಯೋದಯವನ್ನೂ ಮಾತ್ರ ಬರೆಯಿಸುವ ಕಲಾಚಿಕಿತ್ಸೆಯು ಬಾಯಿಗೆ ಕಟ್ಟಿದ ಬಣ್ಣದ ಬಟ್ಟೆ. ಮೂರನೆಯದು, ಆ ಚಿತ್ರವು ಅವಳ ಸ್ವತ್ತು. ಅವಳ ಮೇಲಿನ ಅಧಿಕಾರಿಯು ಅದನ್ನು ನೋಡಿ ಅವಳ ಯೋಗ್ಯತೆಯನ್ನು ಅಳೆಯಬಾರದು. ಆಸ್ಪತ್ರೆಯ ಹಿರಿಮೆಗಾಗಿ ಗೋಡೆಗೆ ತೂಗುಹಾಕಲೂಬಾರದು.

ಇಷ್ಟಾದರೂ ಒಂದು ಕಠಿನವಾದ ಪ್ರಶ್ನೆಯು ಉಳಿಯುವುದು. ಇಂಥ ಪ್ರಯೋಗಗಳಲ್ಲಿ ಅಳೆಯುವ ಸಂಗತಿಗಳೊಳಗೆ, ಕೆಲಸವನ್ನು ಬಿಡಬೇಕೆಂಬ ಇಚ್ಛೆಯು ಕಡಿಮೆಯಾಯಿತೇ ಎಂಬುದೂ ಒಂದು. ಆಡಳಿತದವರಿಗೆ ಇದು ಬೇಕಾದ ಲೆಕ್ಕವೇ. ಆದರೆ ಒಬ್ಬ ದಾದಿಯು ಹನ್ನೆರಡು ವಾರ ಚಿತ್ರ ಬರೆದು, ತನ್ನ ಮನಸ್ಸನ್ನು ತಾನೇ ಎದುರಿಗಿಟ್ಟು ನೋಡಿ, "ಇನ್ನು ನನ್ನಿಂದಾಗದು, ನಾನು ಹೋಗಬೇಕು" ಎಂದು ನಿಶ್ಚಯಿಸಿದಳೆನ್ನೋಣ. ಆಗ ಚಿಕಿತ್ಸೆಯು ಸೋತಿತೆನ್ನಬೇಕೇ, ಗೆದ್ದಿತೆನ್ನಬೇಕೇ? ಸೋತಿತೆನ್ನುವವರು ಅವಳನ್ನು ಆಸ್ಪತ್ರೆಯ ಒಂದು ಉಪಕರಣವೆಂದು ಎಣಿಸಿದವರು. ಮೊಂಡಾದ ಕತ್ತಿಯನ್ನು ಸಾಣೆ ಹಿಡಿಯುವಂತೆ ಅವಳನ್ನು ಕಲೆಗೆ ಒಡ್ಡಿದವರು. ಗೆದ್ದಿತೆನ್ನಬಲ್ಲವರು ಮಾತ್ರ ಅವಳಿಗಾಗಿ ಅದನ್ನು ಕೊಟ್ಟವರು. ಸತ್ಯವನ್ನು ನೋಡಲು ಕಲಿಸುವುದೇ ಕಲೆಯ ಧರ್ಮವಾದ ಮೇಲೆ, ಕಂಡ ಸತ್ಯವು ನಮಗೆ ಅನುಕೂಲವಾಗಿಯೇ ಇರಲೆಂದು ಕರಾರು ಹಾಕಿಸಿಕೊಳ್ಳಲಾಗದು. ಆಸ್ಪತ್ರೆಯೊಂದು ಈ ಸಂಭವವನ್ನು ತಿಳಿದೂ ಕುಂಚವನ್ನು ಕೊಡಲು ಸಿದ್ಧವಾಗಿದ್ದರೆ, ಅದರ ದಾನವು ಶುದ್ಧವೆಂದು ನಂಬಬಹುದು. ನನ್ನ ಎಣಿಕೆಯಲ್ಲಿ, ಹಾಗೆ ಕೊಡುವ ಕಡೆಯಲ್ಲಿಯೇ ದಾದಿಯರು ಹೆಚ್ಚಾಗಿ ನಿಲ್ಲುವರು. ಏಕೆಂದರೆ ತನ್ನ ಮಾತನ್ನು ಕೇಳುವ ಮನೆಯನ್ನು ಯಾರೂ ಬೇಗನೆ ಬಿಡುವುದಿಲ್ಲ.

ನಮ್ಮಂಥ ಜಿಲ್ಲಾ ಸಾಹಿತ್ಯ ಸಂಘಗಳು ಆಸ್ಪತ್ರೆಗಳನ್ನು ನಡೆಸುವುವಲ್ಲ. ಚಿಕಿತ್ಸೆಯನ್ನು ಕೊಡತಕ್ಕ ಶಿಕ್ಷಣವೂ ನಮಗಿಲ್ಲ. ದಾದಿಯರ ಮೇಲೆ ಹೊಗಳಿಕೆಯ ಪದ್ಯಗಳನ್ನು ಬರೆದು ಕಳುಹಿಸುವುದೂ ಸಾಕಾಗಿದೆ. ಆದರೂ ನಮ್ಮಿಂದ ಆಗತಕ್ಕದ್ದೊಂದುಂಟು. ಊರಿನ ಆಸ್ಪತ್ರೆಯಲ್ಲಿ ಕೈಗಳು ಸಾಲದಿರುವಾಗ ಅದನ್ನು ಸಭೆಗಳಲ್ಲಿ ಹೇಳುವುದು. ದಾದಿಯರು ತಾವಾಗಿ ಬರೆದುದೇನಾದರೂ ಇದ್ದು, ಅದನ್ನು ಪ್ರಕಟಿಸಲು ಅವರೇ ಬಯಸಿದರೆ, ಅದರ ಕಹಿಯನ್ನು ತಿದ್ದದೆ ಪುಟಗಳಲ್ಲಿ ಜಾಗ ಕೊಡುವುದು. ಶುಶ್ರೂಷೆಯೆಂದರೆ ಕೇಳುವ ಇಚ್ಛೆಯೆಂದು ವ್ಯಾಕರಣವು ಹೇಳುತ್ತದೆ. ನಾವು ರೋಗಿಗಳಾಗಿ ಮಲಗಿದಾಗ ಅವರು ಆ ಮಾತಿನ ಅರ್ಥವನ್ನು ನಡೆಸಿ ತೋರಿಸಿದರು. ಎದ್ದು ನಡೆಯುವಂತಾದ ಮೇಲೆ ಅದನ್ನು ನಡೆಸಬೇಕಾದ ಸರದಿಯು ನಮ್ಮದು.